ಗಣತಿಗೆ ಕೈನಕ್ಷೆಯೋ, ಡಿಜಿಟಲ್ ನಕ್ಷೆಯೋ?

ಜನಗಣತಿಯಲ್ಲಿ ಮನೆಗಳನ್ನು ಗುರುತಿಸಲು ಕೈಯಲ್ಲಿ ಬರೆದ ನಕ್ಷೆ ಒಳ್ಳೇದೋ, ಡಿಜಿಟಲ್ ನಕ್ಷೆಯೋ ಅಂತ ಕೇಳಿದ್ದೀರಿ. 2011ರಲ್ಲಿ ಗಣತಿದಾರರೇ ಬೀದಿ ಸುತ್ತಿ, ಗುಡಿ, ಬಾವಿ, ಮನೆ ಗುರುತಿಸಿ ಕೈಯಲ್ಲೇ ನಕ್ಷೆ ಬರೆದಿದ್ದರು. 2027ರ ಗಣತಿ ಮೊಬೈಲಿನಲ್ಲಿ.

ಖರ್ಚಿನಲ್ಲಿ ಕೈನಕ್ಷೆಯೇ ಅಗ್ಗ. ಕಾಗದ, ಪೆನ್ನು ಸಾಕು. ಡಿಜಿಟಲ್‌ಗೆ ಫೋನು, ಸರ್ವರು, ತರಬೇತಿ ಬೇಕು. ಆದರೆ ಒಮ್ಮೆ ಮಾಡಿದ್ದನ್ನು ತಿದ್ದಿ ಮತ್ತೆ ಬಳಸಬಹುದು.

ನಿಜವಾದ ವ್ಯತ್ಯಾಸ ಗಡಿಯಲ್ಲಿದೆ. ಎರಡು ಬ್ಲಾಕುಗಳ (ಒಬ್ಬೊಬ್ಬ ಗಣತಿದಾರರಿಗೆ ಹಂಚಿದ ಪ್ರದೇಶಗಳ) ನಡುವಿನ ಮನೆ ಕೈನಕ್ಷೆಯಲ್ಲಿ ಬಿಟ್ಟುಹೋಗಬಹುದು, ಇಲ್ಲವೇ ಎರಡು ಸಲ ಲೆಕ್ಕಕ್ಕೆ ಬರಬಹುದು. ಜಿಪಿಎಸ್ ಇದ್ದರೆ ನಿಂತ ಜಾಗ ತಿಳಿಯುತ್ತದೆ. ಆದರೂ ಇಕ್ಕಟ್ಟಾದ ಗಲ್ಲಿಯಲ್ಲಿ ಅದು ಕೆಲವು ಮೀಟರ್ ತಪ್ಪುತ್ತದೆ. ಅಪಾರ್ಟ್‌ಮೆಂಟಿನ ಹತ್ತು ಮಹಡಿಗೂ ಒಂದೇ ಚುಕ್ಕೆ! ಹಾಗಾಗಿ ಬಾಗಿಲು ತಟ್ಟುವ ಕೆಲಸವಂತೂ ತಪ್ಪುವುದಿಲ್ಲ, ಅಲ್ವಾ?

ದಿನಕ್ಕೊಂದು ಬಡಾವಣೆ ಏಳುವ ಬೆಂಗಳೂರಿನ ಅಂಚಿಗೆ ಡಿಜಿಟಲ್ ಸರಿ. ಮಲೆನಾಡಿನ ತೋಟದ ಮನೆ ಮರದ ನೆರಳಲ್ಲಿ ಉಪಗ್ರಹಕ್ಕೆ ಕಾಣುವುದಿಲ್ಲ, ನೆಟ್‌ವರ್ಕೂ ಕಡಿಮೆ. ಅಲ್ಲಿ ಆಫ್‌ಲೈನ್ ನಕ್ಷೆಯ ಜೊತೆ ಊರು ಬಲ್ಲವರ ಕೈನಕ್ಷೆಯೂ ಇರಲಿ.