ಗ್ಲೆನ್ ಹೆದ್ದಾರಿ: ಹಿಮನದಿಗೆ ಮೊದಲು ಎಕ್ಲುಟ್ನಾ

ಅಲಾಸ್ಕದ ಆಂಕರೇಜ್ ನಗರದಲ್ಲಿ ಒಂದೇ ದಿನ ಬಿಡುವಿದೆ ಅಂದರೆ ದಕ್ಷಿಣಕ್ಕೆ, ಸೆವರ್ಡ್ ಕಡೆಗೆ ಹೋಗಿ ಅನ್ನುವವರೇ ಹೆಚ್ಚು. ಕಡಲು, ತಿಮಿಂಗಿಲ ನೋಡಬೇಕಾದವರಿಗೆ ಅದು ಸರಿ. ಅಲಾಸ್ಕದ ಮೂಲನಿವಾಸಿಗಳು, ಆಮೇಲೆ ಬಂದು ನೆಲೆಯೂರಿದವರು, ಹಿಮನದಿ, ಬೆಟ್ಟ ಎಲ್ಲವೂ ಒಂದೇ ದಾರಿಯಲ್ಲಿ ಸಿಗಬೇಕೆಂದರೆ ಈಶಾನ್ಯಕ್ಕೆ ಹೊರಡುವ ಗ್ಲೆನ್ ಹೆದ್ದಾರಿಯೇ ಮೇಲು. ಗ್ಲೆನ್ನಲೆನ್ ಊರಿನವರೆಗೆ ಸುಮಾರು 187 ಮೈಲಿ, ಅಂದರೆ 300 ಕಿ.ಮೀ. ಪೂರ್ತಿ ಡಾಂಬರು ರಸ್ತೆ. ಅಂಚಿನ ಮೈಲಿಗಲ್ಲುಗಳ ಎಣಿಕೆ ಆಂಕರೇಜ್‌ನಿಂದಲೇ ಶುರು, ಹಾಗಾಗಿ ಮುಂದೆ ಹೇಳುವ ಜಾಗಗಳನ್ನು ಮೈಲಿ ಲೆಕ್ಕದಲ್ಲೇ ಕೊಟ್ಟಿದೆ.

1898ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಈ ಸೀಮೆಯಲ್ಲಿ ದಾರಿ ಹುಡುಕಿದ ಕ್ಯಾಪ್ಟನ್ ಎಡ್ವಿನ್ ಗ್ಲೆನ್ ಹೆಸರು ರಸ್ತೆಗಿದೆ. ಆದರೆ ಇಲ್ಲಿಯ ಮೂಲನಿವಾಸಿಗಳಾದ ಡೆನೈನಾ ಮತ್ತು ಆಟ್ನಾ ಜನ ಬೇಟೆಗೆ, ವ್ಯಾಪಾರಕ್ಕೆ ಅದಕ್ಕೂ ಎಷ್ಟೋ ತಲೆಮಾರು ಮುಂಚಿನಿಂದ ಈ ಕಣಿವೆಯಲ್ಲಿ ಓಡಾಡುತ್ತಿದ್ದರು. ಹೆಚ್ಚಿನ ಪ್ರವಾಸಿಗರು ನೇರ 101ನೇ ಮೈಲಿಯ ಮಟನುಸ್ಕ ಹಿಮನದಿಗೆ ಹೋಗಿ, ಫೋಟೊ ತೆಗೆದು, ಹಿಂದಿರುಗುತ್ತಾರೆ. ಹಾಗೆ ಮಾಡಿದರೆ ದಾರಿಯ ಅರ್ಧ ಬೆಲೆ ಕೈತಪ್ಪಿದಂತೆ.

ಊರು ಬಿಡುವ ಮೊದಲೇ, ಹೆದ್ದಾರಿಗೆ ಹತ್ತಿಕೊಂಡಂತೆ, 1999ರಲ್ಲಿ ತೆರೆದ ಅಲಾಸ್ಕ ನೇಟಿವ್ ಹೆರಿಟೇಜ್ ಸೆಂಟರ್ ಇದೆ. ಬೇಸಿಗೆಯಲ್ಲಿ ಮಾತ್ರ, ಸುಮಾರು ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ದಿನವೂ ತೆರೆದಿರುತ್ತದೆ. ಒಳಗಿನ ಕುಣಿತ, ಆಟದ ಪ್ರದರ್ಶನಕ್ಕಿಂತ ಹೊರಗೆ ಕೆರೆಯ ಸುತ್ತ ಕಟ್ಟಿರುವ ಸಾಂಪ್ರದಾಯಿಕ ಮನೆಗಳಿಗೆ ಹೆಚ್ಚು ಹೊತ್ತು ಕೊಡಿ. ಉತ್ತರ ಅಲಾಸ್ಕದವರ, ಅರ್ಧ ನೆಲದೊಳಗಿರುವ ಮನೆಯನ್ನು ಗಮನಿಸಿ: ಒಳಹೋಗುವ ಸುರಂಗ ಕೋಣೆಯ ನೆಲಕ್ಕಿಂತ ತಗ್ಗಿನಲ್ಲಿರುತ್ತದೆ. ತಣ್ಣನೆ ಗಾಳಿ ಭಾರ, ಅದು ತಗ್ಗಿನಲ್ಲೇ ನಿಲ್ಲುತ್ತದೆ. ಮೇಲಿನ ಕೋಣೆಯಲ್ಲಿ ದೀಪದ ಶಾಖ ಮತ್ತು ಮೈಶಾಖ ಉಳಿಯುತ್ತದೆ. ಮನೆಗಳ ಬಳಿ ಆಯಾ ಸಮುದಾಯದ ಯುವಕ ಯುವತಿಯರೇ ವಿವರಿಸಲು ನಿಂತಿರುತ್ತಾರೆ, ಸಂಕೋಚವಿಲ್ಲದೆ ಕೇಳಿ. ಎರಡು ಗಂಟೆ ಬೇಕು. ಮಕ್ಕಳಿದ್ದರೆ ಇದನ್ನು ಬಿಡಲೇಬೇಡಿ.

26ನೇ ಮೈಲಿಯಲ್ಲಿ ಎಕ್ಲುಟ್ನಾ. ಇಡೀ ಹೆದ್ದಾರಿಯಲ್ಲಿ ಅತಿ ಮುಖ್ಯವಾದ ಜಾಗ ಇದು, ಅತಿ ಹೆಚ್ಚು ಜನ ನಿಲ್ಲಿಸದೆ ದಾಟುವ ಜಾಗವೂ ಇದೇ. ಡೆನೈನಾ ಜನ ಇಲ್ಲಿ 800 ವರ್ಷಗಳಿಗೂ ಮಿಗಿಲಾಗಿ ನೆಲೆಸಿದ್ದಾರೆ. ಸೇಂಟ್ ನಿಕೊಲಸ್ ರಷ್ಯನ್ ಆರ್ಥೊಡಾಕ್ಸ್ ಚರ್ಚಿನ ಹಳೆಯ ದಿಮ್ಮಿ ಕಟ್ಟಡದ ಪಕ್ಕದ ಸ್ಮಶಾನದಲ್ಲಿ ಬಣ್ಣಬಣ್ಣದ ಪುಟ್ಟ ಮರದ ಮನೆಗಳ ಸಾಲು ಕಾಣುತ್ತದೆ. ಅವೇ ಸತ್ತವರ ಆತ್ಮದ ಮನೆಗಳು, ಅಂದರೆ ಸ್ಪಿರಿಟ್ ಹೌಸ್‌ಗಳು. ಹೂಳಿದ ಮೇಲೆ ಗೋರಿಗೆ ಕಂಬಳಿ ಹೊದಿಸಿ, ಅದರ ಮೇಲೆ ಈ ಮನೆ ಕೂರಿಸುತ್ತಾರೆ. ಬಣ್ಣ ಆಯಾ ಮನೆತನದ್ದು. ಪಕ್ಕದಲ್ಲೇ ಮೂರು ಅಡ್ಡಪಟ್ಟಿಯ ರಷ್ಯನ್ ಶಿಲುಬೆ. ಹೊರಗಿನ ಧರ್ಮವನ್ನು ಒಪ್ಪಿಕೊಂಡೂ ತಮ್ಮ ಸಂಸ್ಕಾರವನ್ನು ಬಿಟ್ಟುಕೊಡದ ಜನರ ಬದುಕು ಅಲ್ಲಿ ಕಣ್ಣೆದುರಿಗಿದೆ. ಕೆಲವು ಮನೆಗಳು ಕುಸಿದು, ಪಾಚಿ ಹಿಡಿದಿವೆ. ಅದನ್ನು ನಿರ್ಲಕ್ಷ್ಯ ಎಂದು ತಿಳಿಯಬೇಡಿ. ಮರ ಮಣ್ಣಿಗೆ ಮರಳಲಿ ಎಂದೇ ದುರಸ್ತಿ ಮಾಡದೆ ಬಿಡುವುದು ಅವರ ಪದ್ಧತಿ. ಇದು ಈಗಲೂ ಬಳಕೆಯಲ್ಲಿರುವ ಸ್ಮಶಾನ. ಕಾಲುದಾರಿ ಬಿಟ್ಟು ಇಳಿಯಬಾರದು, ಏನನ್ನೂ ಮುಟ್ಟಬಾರದು, ಫೋಟೊಗೆ ಮೊದಲು ಕೇಳಬೇಕು. ತೆರೆಯುವ ವೇಳೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಫೋನ್ ಮಾಡಿಯೇ ಹೋಗಿ.

ಆಂಕರೇಜ್‌ನ ಕುಡಿಯುವ ನೀರಿನ ದೊಡ್ಡ ಪಾಲು ಎಕ್ಲುಟ್ನಾ ಕೆರೆಯದು. ಅಲ್ಲಿಂದ ಹರಿಯುವ ನದಿಗೆ 1929ರಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಕೆಳ ಅಣೆಕಟ್ಟು ಹೂಳು ತುಂಬಿ ನಿರುಪಯುಕ್ತವಾಗಿ ನಿಂತಿತ್ತು. ಸಾಲ್ಮನ್ ಮೀನು ಮರಳಿ ಬರಲೆಂದು 2018ರಲ್ಲಿ ಅದನ್ನು ಒಡೆದು ತೆಗೆದರು. ಮೇಲಿನ ಕೆರೆಯ ನೀರು ಮಾತ್ರ ಇಂದಿಗೂ ವಿದ್ಯುತ್ತಿಗೆ ತಿರುಗುತ್ತಿದೆ, ನದಿಗೆ ನೀರು ಬಿಡಿಸುವ ಎಕ್ಲುಟ್ನಾ ಜನರ ಹೋರಾಟ ಅದಕ್ಕೇ.

42ನೇ ಮೈಲಿ ಪಾಮರ್. 1935ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ರೂಸ್‌ವೆಲ್ಟ್ ಸರ್ಕಾರ ಮಿನೆಸೋಟ, ವಿಸ್ಕಾನ್ಸಿನ್, ಮಿಶಿಗನ್‌ಗಳಿಂದ ಸುಮಾರು 200 ರೈತ ಕುಟುಂಬಗಳನ್ನು ತಂದು, ಚೀಟಿ ಎತ್ತಿಸಿ, ಕುಟುಂಬಕ್ಕೆ 40 ಎಕರೆಯಂತೆ ಹಂಚಿತು. ಮೊದಲ ಬೇಸಿಗೆ ಡೇರೆಗಳಲ್ಲಿ ಕಳೆಯಿತು. ಹಲವರು ಕೆಲವೇ ವರ್ಷಗಳಲ್ಲಿ ಊರು ಬಿಟ್ಟರು. ನೆಲ ಯಾರದ್ದಾಗಿತ್ತು ಎಂಬ ಪ್ರಶ್ನೆಯನ್ನು ಮಾತ್ರ ಆಗ ಯಾರೂ ಎತ್ತಲಿಲ್ಲ. ಹಿಮನದಿಗಳು ಅರೆದ ಸಣ್ಣ ಹುಡಿಯನ್ನು ಗಾಳಿ ಹೊತ್ತು ತಂದು ಪೇರಿಸಿದ ಮಣ್ಣು ಇಲ್ಲಿಯದು. ಜೂನ್‌ನಲ್ಲಿ 19 ಗಂಟೆ ಬಿಸಿಲು. ಇವೆರಡೂ ಸೇರಿ ಕೋಸು ವಿಪರೀತ ಬೆಳೆಯುತ್ತದೆ. 2012ರ ಸಂತೆಯಲ್ಲಿ ತೂಗಿದ ಒಂದು ಕೋಸು 138 ಪೌಂಡ್, ಅಂದರೆ 62 ಕಿಲೊ ದಾಟಿತ್ತು. ಆಗಸ್ಟ್ ಕೊನೆಗೆ ಹೋಗುವವರು ಈ ಸ್ಟೇಟ್ ಫೇರ್ ನೋಡಬಹುದು. 50ನೇ ಮೈಲಿಯಲ್ಲಿ ಮಸ್ಕ್ ಆಕ್ಸ್ ಎಂಬ ಉದ್ದ ಕೂದಲಿನ ಶೀತಪ್ರದೇಶದ ಪ್ರಾಣಿಯ ಸಾಕಣೆ ಕೇಂದ್ರಕ್ಕೆ ಮುಕ್ಕಾಲು ಗಂಟೆ ಸಾಕು.

ಪಾಮರ್‌ನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ. ನಡುವಿನ ಲಾಡ್ಜ್‌ಗಳ ಬಂಕ್ ತೆರೆದಿರುತ್ತದೆಂದು ನಂಬಿಕೊಂಡು ಹೊರಡಬೇಡಿ. ಖಾತ್ರಿಯಾಗಿ ಇಂಧನ ಸಿಗುವುದು ಗ್ಲೆನ್ನಲೆನ್‌ನಲ್ಲೇ. ಸಟನ್ ದಾಟಿದ ಮೇಲೆ ಫೋನ್ ಸಿಗ್ನಲ್ ಬಂದು ಹೋಗುತ್ತದೆ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಸಸ್ಯಾಹಾರಿಗಳಿಗೆ ಮುಂದೆ ಆಲೂ ಫ್ರೈಸ್ ಬಿಟ್ಟರೆ ಆಯ್ಕೆ ಕಮ್ಮಿ. ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಂಡು ಹೋಗುವುದೇ ಜಾಣತನ, ಆದರೆ ಉಳಿದದ್ದನ್ನು ಹೊರಗೆ ಬಿಡಬೇಡಿ, ಕರಡಿ ಬರುತ್ತದೆ.

61ನೇ ಮೈಲಿಯ ಸಟನ್ ಹಳೆಯ ಕಲ್ಲಿದ್ದಲ ಊರು. ಚಿಕಲೂನ್‌ನ ಆಟ್ನಾ ಜನ 1992ರಲ್ಲಿ ತಮ್ಮ ಭಾಷೆ ಉಳಿಸಲು ಯಾ ನೆ ದಾ ಆ ಎಂಬ ಶಾಲೆಯನ್ನು ಕಟ್ಟಿದ್ದು ಈ ಭಾಗದಲ್ಲೇ. ಅದು ಪ್ರವಾಸಿ ತಾಣವಲ್ಲ, ಒಳಹೋಗಬೇಡಿ. ಇಲ್ಲಿಂದ ಮುಂದೆ ರಸ್ತೆ ಮಟನುಸ್ಕ ನದಿಯ ಮೇಲಿನ ಬೆಟ್ಟದ ಮೈಗೆ ಅಂಟಿಕೊಂಡು ಬಳಸುತ್ತದೆ, ತಿರುವುಗಳು ಬಿಗಿ. ನಿಮ್ಮ ಹಿಂದೆ 5 ವಾಹನ ಸೇರಿದರೆ ಪಕ್ಕಕ್ಕೆ ಸರಿದು ದಾರಿ ಬಿಡುವುದು ಅಲಾಸ್ಕದಲ್ಲಿ ಕಾನೂನು.

101ನೇ ಮೈಲಿಯ ಸರ್ಕಾರಿ ವೀಕ್ಷಣಾ ತಾಣದಲ್ಲಿ ಮಟನುಸ್ಕ ಹಿಮನದಿ ಚೆನ್ನಾಗಿ ಕಾಣುತ್ತದೆ: ಉದ್ದ ಸುಮಾರು 43 ಕಿ.ಮೀ., ತುದಿಯಲ್ಲಿ ಅಗಲ 6 ಕಿ.ಮೀ. ದಾಟುತ್ತದೆ. ಕಾಡಿನೊಳಗಿನ ಎಡ್ಜ್ ಟ್ರೈಲ್ ಅರ್ಧ ಗಂಟೆಯ ನಡಿಗೆ, ಹಿರಿಯರಿಗೂ ಆದೀತು. ಮಂಜುಗಡ್ಡೆಯ ಮೇಲೆ ಕಾಲಿಡಬೇಕೆಂದರೆ 102ನೇ ಮೈಲಿಯಲ್ಲಿ ಖಾಸಗಿ ಜಮೀನಿನ ಮೂಲಕ, ಗೈಡ್ ಜೊತೆಗೇ ಹೋಗಬೇಕು, ತಲೆಗೆ ನೂರು ಡಾಲರಿಗೂ ಹೆಚ್ಚು. ದುಬಾರಿ, ಆದರೆ ಗೈಡ್ ಬೇಡವೆನ್ನುವಂತಿಲ್ಲ: ಹಿಮನದಿಯ ಮುಂದಿನ ಬೂದು ಕೆಸರು ಮೇಲೆ ಗಟ್ಟಿಯಂತೆ ಕಂಡು ಮೊಣಕಾಲವರೆಗೆ ಎಳೆದುಕೊಳ್ಳುತ್ತದೆ, ಬಿರುಕುಗಳು ದಿನದಿನಕ್ಕೂ ಜಾಗ ಬದಲಿಸುತ್ತವೆ. ಕಣಕಾಲು ಮುಚ್ಚುವ ಬೂಟು ಹಾಕಿ. ಬೂಟಿನ ತಳಕ್ಕೆ ಕಟ್ಟುವ ಮೊಳೆಪಟ್ಟಿ ಅವರೇ ಕೊಡುತ್ತಾರೆ. ಜುಲೈನಲ್ಲೂ ಗಾಳಿ ಕೊರೆಯುತ್ತದೆ. ಮಂಡಿನೋವಿದ್ದವರು 101ರಲ್ಲೇ ನಿಂತರೆ ನಷ್ಟವೇನಿಲ್ಲ.

ಒಂದು ದಿನದವರು 113ನೇ ಮೈಲಿಯ ಶೀಪ್ ಮೌಂಟನ್‌ನಲ್ಲಿ ತಿರುಗಿ. ಕೆಂಪು, ಹಳದಿ ಕಲ್ಲಿನ ಇಳಿಜಾರಿನಲ್ಲಿ ಬಿಳಿ ಚುಕ್ಕೆಗಳು ಕಂಡರೆ ಅವು ಡಾಲ್ ಎಂಬ ಕಾಡುಕುರಿಗಳು. ದುರ್ಬೀನು ಇಲ್ಲದೆ ಗುರುತು ಸಿಗದು. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಇಡೀ ಬೆಟ್ಟ ಕೆಂಪೇರುತ್ತದೆ. ಸಂಜೆ ವಾಪಸಾಗುವಾಗ ದೊಡ್ಡ ಜಿಂಕೆಜಾತಿಯ ಮೂಸ್‌ಗಳು ರಸ್ತೆಗಿಳಿಯುತ್ತವೆ, ಪಾಮರ್‌ನಿಂದ ಆಂಕರೇಜ್‌ವರೆಗೂ ಎಚ್ಚರ ಬೇಕು.

ಎರಡು ದಿನ ಇದ್ದರೆ 1,013 ಮೀಟರ್ ಎತ್ತರದ ಯುರೇಕ ಶಿಖರಮಾರ್ಗ ದಾಟಿ. ಮುಂದಿನ ರಸ್ತೆ ಅಲೆಅಲೆಯಾಗಿದೆ: ಕಪ್ಪು ಡಾಂಬರು ಬಿಸಿಲು ಹೀರಿ ಅಡಿಯ ಹೆಪ್ಪುಗಟ್ಟಿದ ನೆಲ ಅಲ್ಲಲ್ಲಿ ಕರಗಿ ಕುಸಿಯುತ್ತದೆ. ವೇಗ ತಗ್ಗಿಸದಿದ್ದರೆ ಕಾರಿನ ಹೊಟ್ಟೆ ತಗಲುತ್ತದೆ. ಮೋಡವಿಲ್ಲದ ದಿನ ಎದುರಿಗೆ ಡ್ರಮ್, ಸ್ಯಾನ್‌ಫರ್ಡ್, ರ‍್ಯಾಂಗಲ್ ಪರ್ವತಗಳು ಸಾಲಾಗಿ ನಿಲ್ಲುತ್ತವೆ. ಗ್ಲೆನ್ನಲೆನ್‌ನಿಂದ ದಕ್ಷಿಣಕ್ಕೆ ರಿಚರ್ಡ್‌ಸನ್ ಹೆದ್ದಾರಿಯಲ್ಲಿ, ಕಾಪರ್ ಸೆಂಟರ್ ಬಳಿಯ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರದ ಆವರಣದಲ್ಲೇ ಆಟ್ನಾ ಜನರ ಸಾಂಸ್ಕೃತಿಕ ಕೇಂದ್ರವಿದೆ. ತಾಮ್ರದ ಉಪಕರಣ, ನದಿಯ ಸೆಳವಿಗೇ ತಿರುಗಿ ಸಾಲ್ಮನ್ ಎತ್ತುವ ಮೀನುಚಕ್ರ ಇವುಗಳ ಬಗ್ಗೆ ಅಲ್ಲಿ ಕೇಳಿ. ರಾತ್ರಿ ತಂಗುವ ಕೋಣೆಯನ್ನು ಮುಂಚೆಯೇ ಕಾದಿರಿಸಿ; ಬೇಸಿಗೆಯಲ್ಲಿ ಇದ್ದ ಕೆಲವೂ ಬೇಗ ತುಂಬುತ್ತವೆ.