ಗೂಗಲ್ ಕ್ಯಾಲೆಂಡರ್: ಮನೆಗೊಂದು ಖಾತೆ, ಕಚೇರಿಗೊಂದು ಖಾತೆ

ಗೂಗಲ್ ಕ್ಯಾಲೆಂಡರನ್ನು ಒಂಬತ್ತು ವರ್ಷಗಳಿಂದ ಬಳಸುತ್ತಿದ್ದೇನೆ. ಅದರಲ್ಲಿ ಮೊದಲ ಎರಡು ವರ್ಷ ಎಲ್ಲವೂ ಕಚೇರಿಯ ಖಾತೆಯಲ್ಲೇ ಇತ್ತು. ದಿನವಿಡೀ ಕಣ್ಣ ಮುಂದೆ ತೆರೆದಿರುತ್ತಿದ್ದುದು ಅದೇ ಆದ್ದರಿಂದ ಅಮ್ಮನ ಕಣ್ಣಿನ ತಪಾಸಣೆ, ಮಗಳ ಶಾಲೆಯ ಪೋಷಕರ ಸಭೆ, ವಿಮೆಯ ಕಂತು ಎಲ್ಲವನ್ನೂ ಅಲ್ಲಿಯೇ ಬರೆದಿಡುತ್ತಿದ್ದೆ. ಆ ಕೆಲಸ ಬಿಟ್ಟ ದಿನ ಸಂಜೆಯೇ ಖಾತೆ ಮುಚ್ಚಿತು. ಮರುದಿನ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದದ್ದು ಹತ್ತೂವರೆಗೋ ಹನ್ನೊಂದೂವರೆಗೋ ಎಂದು ನೋಡಿಕೊಳ್ಳಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಅಂದಿನಿಂದ ಮನೆಯ ವಿಷಯಗಳೆಲ್ಲ ನನ್ನ ಸ್ವಂತ ಜಿಮೇಲ್ ಖಾತೆಯಲ್ಲಿವೆ.

ಖಾತೆ ಎರಡಾದರೆ ಸಾಲದು, ವಿಳಾಸವನ್ನೂ ಕಾಯ್ದುಕೊಳ್ಳಬೇಕು ಎಂಬುದು ನನಗೆ ನಿಧಾನವಾಗಿ ತಿಳಿಯಿತು. 1998ರಲ್ಲಿ ರೂಪುಗೊಂಡು 2009ರಲ್ಲಿ ಪರಿಷ್ಕರಣೆಯಾದ ಐಕ್ಯಾಲೆಂಡರ್ ಮಾನದಂಡದಂತೆ (ಬೇರೆ ಬೇರೆ ಕ್ಯಾಲೆಂಡರುಗಳು ಪರಸ್ಪರ ಅರ್ಥಮಾಡಿಕೊಳ್ಳಲು ಒಪ್ಪಿಕೊಂಡ ಸಾಮಾನ್ಯ ನಮೂನೆ) ಕಳುಹಿಸುವ ಆಹ್ವಾನಗಳಲ್ಲಿ ಅತಿಥಿಯನ್ನು ಸಾಮಾನ್ಯವಾಗಿ ಗುರುತಿಸುವುದು ಇಮೇಲ್ ವಿಳಾಸದಿಂದಲೇ ಹೊರತು ಹೆಸರಿನಿಂದಲ್ಲ. ನಮ್ಮ ಬಡಾವಣೆಯ ನಿವಾಸಿಗಳ ಸಂಘದಿಂದ ಜಿಮೇಲ್‌ಗೆ ಬಂದ ಆಹ್ವಾನವನ್ನು ಒಮ್ಮೆ ಕಚೇರಿಯ ವಿಳಾಸಕ್ಕೆ ಕಳುಹಿಸಿಕೊಂಡು, ಅಲ್ಲಿಂದಲೇ ಬರುತ್ತೇನೆಂದು ಉತ್ತರಿಸಿದ್ದೆ. ಸಂಘದ ಕಾರ್ಯದರ್ಶಿಯವರ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಉತ್ತರ ಬಂದಿಲ್ಲವೆಂದೇ ಇತ್ತು. ಅವರಿಗೆ ಗೊತ್ತಾಗಬೇಕಿಲ್ಲದ ನನ್ನ ಕಚೇರಿಯ ವಿಳಾಸ ಮಾತ್ರ ಗೊತ್ತಾಯಿತು. ಆಹ್ವಾನ ಯಾವ ವಿಳಾಸಕ್ಕೆ ಬಂದಿದೆಯೋ ಅದೇ ವಿಳಾಸದಿಂದ ಉತ್ತರಿಸುವುದನ್ನು ಈಗ ಎಂದೂ ತಪ್ಪಿಸುವುದಿಲ್ಲ.

ಹೆಚ್ಚಿನವರು ತಪ್ಪು ತಿಳಿಯುವುದು ಹಂಚಿಕೆಯ ವಿಷಯದಲ್ಲಿ. ಸ್ವಂತ ಕ್ಯಾಲೆಂಡರನ್ನು, ವಿವರಗಳು ಕಾಣದೆ ಬಿಡುವಿದೆಯೇ ಇಲ್ಲವೇ ಎಂಬುದಷ್ಟೇ ಕಾಣುವಂತೆ, ಕಚೇರಿಯ ವಿಳಾಸದೊಡನೆ ಹಂಚಿಕೊಳ್ಳಬಹುದು. ಆದರೆ ಹಾಗೆ ಹಂಚಿಕೊಂಡದ್ದು ಕಚೇರಿಯ ಖಾತೆಯಲ್ಲಿ ಕುಳಿತ ನಮಗೆ ಕಾಣುತ್ತದೆಯೇ ವಿನಾ, ನಮ್ಮ ಬಿಡುವು ನೋಡಿ ಮೀಟಿಂಗ್ ಇಡುವ ಸಹೋದ್ಯೋಗಿಗೆ ಕಾಣುವುದಿಲ್ಲ. ಆದ್ದರಿಂದ ಆಸ್ಪತ್ರೆಗೆ ಹೋಗಬೇಕಾದ ದಿನ ಕಚೇರಿಯ ಕ್ಯಾಲೆಂಡರಿನಲ್ಲಿ ‘ಬಿಡುವಿಲ್ಲ’ ಎಂಬ ಒಂದೇ ಪದದ ನಮೂದನ್ನು ನಾನೇ ಕೈಯಾರೆ ಹಾಕುತ್ತೇನೆ. ಇದು ಎರಡು ಬಾರಿ ಮಾಡುವ ಕೆಲಸ, ನಿಜ. ಆದರೂ ಅಮ್ಮನ ಕಾಯಿಲೆಯ ಹೆಸರು ಕಚೇರಿಯವರೆಲ್ಲರ ಕಣ್ಣಿಗೆ ಬೀಳುವುದಕ್ಕಿಂತ ಆ ಅರ್ಧ ನಿಮಿಷದ ಶ್ರಮ ನನಗೆ ಎಷ್ಟೋ ಮೇಲು.

ಫೋನಿನ ಆ್ಯಪ್‌ನಲ್ಲಿ ಎರಡೂ ಖಾತೆಗಳು ಒಂದೇ ಪುಟದಲ್ಲಿ ಬೇರೆ ಬೇರೆ ಬಣ್ಣಗಳಲ್ಲಿ ಕಾಣುತ್ತವೆ. ಈ ಒಂದು ಅನುಕೂಲಕ್ಕಾಗಿಯೇ ನಾನು ಬೇರೆ ಕ್ಯಾಲೆಂಡರ್ ಹುಡುಕಲಿಲ್ಲ. ಹೊಸ ನಮೂದನ್ನು ಉಳಿಸುವ ಮುನ್ನ ಅದು ಯಾವ ಖಾತೆಗೆ ಸೇರುತ್ತಿದೆ ಎಂದು ಮಾತ್ರ ಪ್ರತಿ ಸಲವೂ ನೋಡಬೇಕು. ಕಂಪ್ಯೂಟರಿನ ಬ್ರೌಸರಿನಲ್ಲಿ ಒಂದು ಪುಟಕ್ಕೆ ಒಂದೇ ಖಾತೆ. ಅದಕ್ಕೆಂದು ಕ್ರೋಮ್‌ನಲ್ಲಿ ಎರಡು ಪ್ರೊಫೈಲ್ ಮಾಡಿ, ಮನೆಯದಕ್ಕೆ ಹಸಿರು, ಕಚೇರಿಯದಕ್ಕೆ ನೀಲಿ ಬಣ್ಣ ಕೊಟ್ಟಿದ್ದೇನೆ.