ಪ್ರಾಗ್‌ನಿಂದ ಒಂದು ದಿನದ ಸುತ್ತಾಟ: ಕ್ರುಮ್ಲೋವ್ ಬಸ್ಸೋ, ಕುತ್ನಾ ಹೋರಾ ರೈಲೋ?

ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೊರಟವರು ಯಾರೇ ಕೇಳಿದರೂ ನಾನು ಹೇಳುವುದು ಇಷ್ಟೇ. ಊರ ಹೊರಗೆ ಒಂದು ದಿನ ಕಳೆಯಬೇಕು ಅಂತಿದ್ದರೆ ರೈಲು ಹತ್ತಿ ಕುತ್ನಾ ಹೋರಾಗೆ ಹೋಗಿ. ಪ್ಯಾಕೇಜ್ ಬಸ್ಸಿನಲ್ಲಿ ಚೆಸ್ಕಿ ಕ್ರುಮ್ಲೋವ್‌ಗೆ ಒಂದೇ ದಿನದಲ್ಲಿ ಹೋಗಿಬರುವ ಆಸೆ ಬಿಟ್ಟುಬಿಡಿ. ಎರಡನ್ನೂ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ಹೋಗಿದ್ದು ನಾನು, ನಮ್ಮವರು ಮತ್ತು ಅತ್ತೆ. ಅತ್ತೆಗೆ ಮಂಡಿನೋವು. ಮಾಂಸ ಹಾಗಿರಲಿ, ಮೊಟ್ಟೆಯನ್ನೂ ಮುಟ್ಟುವವರಲ್ಲ. ನಮ್ಮದು ಲೆಕ್ಕ ಹಾಕಿ ಖರ್ಚು ಮಾಡುವ ಸಂಸಾರ. ನನ್ನ ಅಭಿಪ್ರಾಯ ಎಲ್ಲಾ ಈ ಮೂರರ ಮೇಲೇ ನಿಂತಿದೆ. ಗಟ್ಟಿ ಕಾಲಿನ ಇಬ್ಬರು ಹುಡುಗರು ಹೋದರೆ ಅವರ ಲೆಕ್ಕ ಬೇರೆ ಇರಬಹುದು.

ಮೊದಲು ಕ್ರುಮ್ಲೋವ್ ಕಥೆ. ಊರು ಚೆಂದ, ಅದರಲ್ಲಿ ಎರಡು ಮಾತಿಲ್ಲ. ವಲ್ಟಾವಾ ನದಿ ಹಳೇ ಊರನ್ನು ಬಳಸಿಕೊಂಡು ತಿರುಗುತ್ತದೆ. ಮೇಲೆ ಬಂಡೆಯ ಮೇಲೆ ಕೋಟೆ, ಕೆಳಗೆ ಕೆಂಪು ಹೆಂಚಿನ ಮನೆಗಳು. ಕೋಟೆಯ ಕಂದಕದಲ್ಲಿ ಕರಡಿಗಳನ್ನು ಸಾಕಿದ್ದಾರೆ. 1992ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ ಊರು. ಫೋಟೋ ನೋಡಿದವರಿಗೆ ಹೋಗಲೇಬೇಕು ಅನಿಸುತ್ತದೆ, ನಮಗೂ ಅನಿಸಿತು.

ತೊಂದರೆ ಇರುವುದು ದೂರದಲ್ಲಿ. ಪ್ರಾಗ್‌ನಿಂದ ಸುಮಾರು 170 ಕಿಲೋಮೀಟರ್. ಬಸ್ಸಿನಲ್ಲಿ ಹೋಗಲು ಹತ್ತಿರ ಹತ್ತಿರ ಮೂರು ಗಂಟೆ, ಬರಲು ಮೂರು ಗಂಟೆ. ಜಾಹೀರಾತಿನಲ್ಲಿ 'ಪೂರ್ತಿ ದಿನದ ಪ್ರವಾಸ' ಅಂತ ಇತ್ತು. ಆ ಪೂರ್ತಿ ದಿನದಲ್ಲಿ ಊರು ನೋಡಲು ಸಿಗುವ ಸಮಯ ಎಷ್ಟು ಅನ್ನುವುದು ಎಲ್ಲೂ ಬರೆದಿರಲಿಲ್ಲ. ನೀವು ಬುಕ್ ಮಾಡುವ ಮುಂಚೆ ಕೇಳಲೇಬೇಕಾದ ಪ್ರಶ್ನೆ ಅದೊಂದೇ.

ನಮ್ಮ ದಿನ ಹೇಗೆ ಕರಗಿತು ಅಂತ ಹೇಳುತ್ತೇನೆ. ಬೆಳಿಗ್ಗೆ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ನಿಂತೆವು. ಬಸ್ಸು ಬಂತು, ಆದರೆ ಊರು ಬಿಡಲಿಲ್ಲ. ಇನ್ನೂ ಕೆಲವು ಹೋಟೆಲುಗಳ ಮುಂದೆ ನಿಂತು ಜನರನ್ನು ಹತ್ತಿಸಿಕೊಂಡಿತು. ಒಂದು ಕುಟುಂಬ ತಡ ಮಾಡಿತು, ಎಲ್ಲರೂ ಕಾದೆವು. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಶೌಚಾಲಯಕ್ಕೆ ಚಿಲ್ಲರೆ ಕಾಸು ಹಾಕಿ ಒಳಗೆ ಹೋಗಬೇಕು, ಅರ್ಧ ಬಸ್ಸಿನವರ ಹತ್ತಿರ ಚಿಲ್ಲರೆ ಇಲ್ಲ. ಅಲ್ಲಿ ಸಾಲು ಕರಗುವ ಹೊತ್ತಿಗೆ ಇನ್ನಷ್ಟು ಸಮಯ ಹೋಯಿತು. ಗೈಡ್ ಒಳ್ಳೆಯ ಹೆಂಗಸು, ಆದರೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಂದು ಸಲ, ಸ್ಪ್ಯಾನಿಷಿನಲ್ಲಿ ಒಂದು ಸಲ ಹೇಳಬೇಕಿತ್ತು. ಕಿಟಕಿಯಾಚೆಯ ಕೆರೆ ದಾಟಿ ಹೋದ ಮೇಲೆ ನಮಗೆ ಅದರ ವಿಷಯ ಗೊತ್ತಾಗುತ್ತಿತ್ತು.

ಆಮೇಲೆ ಊಟ. ಬಸ್ಸಿನಲ್ಲಿ ತಿನ್ನುವ ಹಾಗಿಲ್ಲ ಅಂತ ಹತ್ತುವಾಗಲೇ ಹೇಳಿದ್ದರು. ಅತ್ತೆ ಬೆಳಿಗ್ಗೆ ಎದ್ದು ಕಟ್ಟಿಕೊಂಡಿದ್ದ ಚಪಾತಿ, ಚಟ್ನಿಪುಡಿ ಡಬ್ಬಿಯಲ್ಲೇ ಉಳಿಯಿತು. ಕ್ರುಮ್ಲೋವ್ ತಲುಪಿದ ತಕ್ಷಣ ಎಲ್ಲರನ್ನೂ ಒಂದೇ ರೆಸ್ಟೋರೆಂಟಿಗೆ ಕರೆದುಕೊಂಡು ಹೋದರು. ಪ್ಯಾಕೇಜಿನಲ್ಲೇ ಊಟದ ದುಡ್ಡು ಸೇರಿತ್ತು. ಸಸ್ಯಾಹಾರ ಬೇಕು ಅಂತ ಬುಕ್ ಮಾಡುವಾಗಲೇ ಬರೆದಿದ್ದೆ. ಆದರೂ ಮೊದಲು ಬಂದಿದ್ದು ಮಾಂಸ ಬೇಯಿಸಿದ ನೀರಿನ ಸೂಪು. ವಾಪಸ್ ಕಳಿಸಿದ ಮೇಲೆ ಕರಿದ ಚೀಸ್ ಬಂತು. ಅದರ ಮೇಲಿನ ಬ್ರೆಡ್ ಪುಡಿ ಅಂಟುವುದೇ ಮೊಟ್ಟೆಯಿಂದ, ಪಕ್ಕದಲ್ಲಿಟ್ಟ ಬಿಳಿ ಸಾಸಿನಲ್ಲೂ ಮೊಟ್ಟೆ. ಅತ್ತೆ ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಾಕಿಕೊಂಡು ತಿಂದರು. ಮೂವತ್ತು ಚಿಲ್ಲರೆ ಜನಕ್ಕೆ ಬಡಿಸಿ ಮುಗಿಯುವಷ್ಟರಲ್ಲಿ ಒಂದು ಗಂಟೆಗೂ ಜಾಸ್ತಿ ಆಯಿತು.

ಉಳಿದ ಸಮಯದಲ್ಲಿ ಗೈಡ್ ಹಿಂದೆ ಗುಂಪಾಗಿ ನಡಿಗೆ. ಆ ಊರಿನ ರಸ್ತೆ ಪೂರ್ತಿ ಉರುಟು ಕಲ್ಲಿನದು, ಮೇಲಾಗಿ ಏರು. ಅತ್ತೆ ಹಿಂದೆ ಬಿದ್ದರು, ನಾನು ಅವರ ಜೊತೆ ನಿಂತೆ, ಗೈಡ್ ಹೇಳಿದ್ದು ನಮಗೆ ಕೇಳಿಸಲೇ ಇಲ್ಲ. ಕೋಟೆಯೊಳಗೆ ಒಂದು ಹಳೇ ನಾಟಕಶಾಲೆ ಇದೆ. 1760ರ ದಶಕದ್ದು. ಪರದೆ ಬದಲಿಸುವ ಮರದ ಯಂತ್ರಗಳು, ಬಣ್ಣದ ಪರದೆಗಳು, ವೇಷಭೂಷಣ ಎಲ್ಲಾ ಆ ಕಾಲದ್ದೇ ಉಳಿದುಕೊಂಡಿವೆ. ಯುರೋಪಿನಲ್ಲಿ ಹೀಗೆ ಉಳಿದಿರುವುದು ತೀರಾ ಕಡಿಮೆ. ನಾನು ಆ ಊರಿಗೆ ಹೋಗಲು ಒಪ್ಪಿದ್ದೇ ಅದಕ್ಕಾಗಿ. ಅದನ್ನು ನೋಡಲು ಪ್ರತ್ಯೇಕ ಟಿಕೆಟ್, ನಿಗದಿತ ಹೊತ್ತಿಗೆ ಮಾತ್ರ ಒಳಗೆ ಬಿಡುತ್ತಾರೆ. ನಮ್ಮ ಬಸ್ಸಿನ ಸಮಯಕ್ಕೆ ಅದು ಹೊಂದಲಿಲ್ಲ. ಬಾಗಿಲ ಮುಂದೆಯೇ ಹಾದು ಬಂದೆವು. ಅದು ನನಗೆ ಈಗಲೂ ಬೇಜಾರು.

ಹಾಗಂತ ಕ್ರುಮ್ಲೋವ್‌ಗೆ ಹೋಗಲೇಬೇಡಿ ಅಂತಲ್ಲ. ಸಾಲು ಸಾಲು ಬಸ್ಸುಗಳು ಸಂಜೆ ವಾಪಸ್ ಹೊರಡುತ್ತವೆ. ಅಲ್ಲೇ ರಾತ್ರಿ ಉಳಿಯುವವರು ಊರನ್ನು ನೆಮ್ಮದಿಯಾಗಿ ನೋಡಬಹುದು, ನಾಟಕಶಾಲೆಗೂ ಬೆಳಿಗ್ಗೆಯೇ ಟಿಕೆಟ್ ತೆಗೆದುಕೊಳ್ಳಬಹುದು. ಉಳಿಯಲು ಆಗದಿದ್ದರೆ ಆ ಊರಿಗೆ ನ್ಯಾಯ ಸಿಗುವುದಿಲ್ಲ, ನಿಮ್ಮ ದುಡ್ಡಿಗೂ ಇಲ್ಲ.

ಈಗ ಕುತ್ನಾ ಹೋರಾ. ಪ್ರಾಗ್‌ನ ಮುಖ್ಯ ನಿಲ್ದಾಣದಿಂದ ನೇರ ರೈಲು, ಒಂದು ಗಂಟೆಯ ಹಾದಿ. ಬಸ್ ಪ್ಯಾಕೇಜಿಗೆ ಒಬ್ಬರಿಗೆ ಕೊಟ್ಟ ದುಡ್ಡಿನಲ್ಲಿ ಇಲ್ಲಿ ಮೂವರ ರೈಲು ಟಿಕೆಟ್ ಆಯಿತು, ಆಮೇಲೂ ಮಿಕ್ಕಿತು. ಸೀಟಿನ ಮುಂದಿನ ಪುಟ್ಟ ಮೇಜಿನ ಮೇಲೆ ಡಬ್ಬಿ ಬಿಚ್ಚಿಟ್ಟು ಚಪಾತಿ ತಿಂದೆವು. ಯಾರೂ ಏನೂ ಅನ್ನಲಿಲ್ಲ.

ರೈಲಿನಲ್ಲೂ ಒಂದು ಗೊಂದಲ ಇದೆ, ಮೊದಲೇ ತಿಳಿದುಕೊಂಡಿರಿ. ಆ ಊರಿನ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿವೆ. ಪ್ರಾಗ್ ರೈಲು ನಿಲ್ಲುವುದು ಮುಖ್ಯ ನಿಲ್ದಾಣದಲ್ಲಿ, ಅದು ಸೆಡ್ಲೆಟ್ಸ್ ಅನ್ನುವ ಹೊರವಲಯದ ಹತ್ತಿರ. ಹಳೇ ಊರು ಅಲ್ಲಿಂದ ಸುಮಾರು ಮೂರು ಕಿಲೋಮೀಟರ್. ಅದಕ್ಕೆ ಒಂದು ಪುಟ್ಟ ಲೋಕಲ್ ರೈಲು ಇದೆ. ಪ್ರಾಗ್‌ನಲ್ಲೇ 'ಕುತ್ನಾ ಹೋರಾ ಮ್ಯೆಸ್ಟೊ' ಅಂತ ಕೇಳಿ ಟಿಕೆಟ್ ತೆಗೆದುಕೊಂಡರೆ ಆ ಪುಟ್ಟ ರೈಲೂ ಅದರಲ್ಲೇ ಸೇರುತ್ತದೆ. ಮಂಡಿನೋವಿನವರಿಗೆ ಇದು ದೊಡ್ಡ ಅನುಕೂಲ. ಇನ್ನೊಂದು, ಪ್ರಾಗ್ ನಿಲ್ದಾಣದ ಬೋರ್ಡಿನಲ್ಲಿ ಪ್ಲಾಟ್‌ಫಾರಂ ನಂಬರ್ ರೈಲು ಹೊರಡುವ ಸ್ವಲ್ಪ ಮುಂಚೆಯಷ್ಟೇ ಬರುತ್ತದೆ. ಗಾಬರಿ ಆಗಬೇಡಿ, ಬೋರ್ಡಿನ ಕೆಳಗೇ ನಿಂತಿರಿ.

ನಾವು ಮೊದಲು ಸೆಡ್ಲೆಟ್ಸ್‌ನಲ್ಲಿ ಇಳಿದು ಮೂಳೆಗಳ ಚರ್ಚ್ ನೋಡಿದೆವು. 13ನೇ ಶತಮಾನದಲ್ಲಿ ಇಲ್ಲಿನ ಮಠಾಧಿಪತಿಯೊಬ್ಬರು ಜೆರುಸಲೇಮ್‌ನಿಂದ ಪವಿತ್ರ ಮಣ್ಣು ತಂದು ಸ್ಮಶಾನದಲ್ಲಿ ಚೆಲ್ಲಿದರಂತೆ. ಆಮೇಲೆ ದೂರದೂರದವರೂ ಇಲ್ಲೇ ಮಣ್ಣಾಗಬೇಕು ಅಂತ ಬಯಸಿದರು. 14ನೇ ಶತಮಾನದ ಪ್ಲೇಗು, 15ನೇ ಶತಮಾನದ ಹುಸ್ಸೈಟ್ ಅನ್ನುವ ಧಾರ್ಮಿಕ ಯುದ್ಧಗಳು ಸೇರಿ ಸ್ಮಶಾನ ತುಂಬಿಹೋಯಿತು. 40 ಸಾವಿರದಿಂದ 70 ಸಾವಿರ ಜನರ ಮೂಳೆಗಳು ಇಲ್ಲಿವೆ ಅನ್ನುತ್ತಾರೆ. 1870ರಲ್ಲಿ ಫ್ರಾಂಟಿಶೆಕ್ ರಿಂಟ್ ಅನ್ನುವ ಮರಗೆಲಸದವನು ಅವನ್ನೆಲ್ಲ ಜೋಡಿಸಿ ತೂಗುದೀಪ, ಮಾಲೆ, ಆ ಜಾಗದ ಒಡೆಯರಾಗಿದ್ದ ಶ್ವಾರ್ಜೆನ್‌ಬರ್ಗ್ ಮನೆತನದ ಲಾಂಛನ ಮಾಡಿದ. ಆ ಲಾಂಛನದ ಮೂಲೆಯಲ್ಲಿ ಒಂದು ಕಾಗೆ ತಲೆಬುರುಡೆಯ ಕಣ್ಣು ಕುಕ್ಕುತ್ತಿದೆ. ಆ ಕಾಗೆಯೂ ಮೂಳೆಯದೇ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಅದು ಸರಿಯಾದ ನಿಯಮ. ಟಿಕೆಟ್ ಬಾಗಿಲಲ್ಲಿ ಸಿಗುವುದಿಲ್ಲ, ಹತ್ತಿರದ ಮಾಹಿತಿ ಕೇಂದ್ರದಲ್ಲಿ ಕೊಂಡುಕೊಂಡೇ ಬರಬೇಕು.

ಅತ್ತೆ ಒಳಗೆ ಬರಲಿಲ್ಲ. 'ಸತ್ತವರನ್ನ ಹಂಗೆ ನೇತುಹಾಕಿದ್ದು ನೋಡಕ್ಕಾಗಲ್ಲಮ್ಮ, ನೀವು ಹೋಗಿ ಬನ್ನಿ' ಅಂದರು. ಪಕ್ಕದ ದೊಡ್ಡ ಚರ್ಚಿನಲ್ಲಿ ತಣ್ಣಗೆ ಕೂತರು. ಯಾರೂ ಅವಸರ ಮಾಡುವವರಿರಲಿಲ್ಲ. ನಿಮ್ಮ ಮನೆಯ ಹಿರಿಯರಿಗೂ ಹಾಗೆ ಅನಿಸಿದರೆ ಒತ್ತಾಯ ಮಾಡಬೇಡಿ, ಈ ಊರಿನಲ್ಲಿ ಬೇರೆ ಬೇಕಾದಷ್ಟಿದೆ.

ನನಗೆ ಈ ಊರು ಇಷ್ಟವಾಗಿದ್ದು ಮೂಳೆಗಳಿಂದಲ್ಲ, ಬೆಳ್ಳಿಯಿಂದ. ಇದು ಬೆಳ್ಳಿ ಗಣಿಯ ಊರು. ರಾಜ ಎರಡನೇ ವೆನ್‌ಸೆಸ್ಲಾಸ್ 1300ರಲ್ಲಿ ಇಲ್ಲಿ ಟಂಕಸಾಲೆ ಹಾಕಿ 'ಪ್ರಾಗ್ ಗ್ರೋಶನ್' ಅನ್ನುವ ಬೆಳ್ಳಿ ನಾಣ್ಯ ಹೊಡೆಸಿದ. ಬೊಹೀಮಿಯಾ ಅಂದರೆ ಈಗಿನ ಚೆಕ್ ದೇಶದ ಪಶ್ಚಿಮ ಭಾಗ, ಅದರ ಸಿರಿವಂತಿಕೆಯ ಬುಡ ಇಲ್ಲಿದೆ. ಆ ದುಡ್ಡಿನಲ್ಲಿ 1388ರಲ್ಲಿ ಶುರುವಾದ ಸಂತ ಬಾರ್ಬರಾ ಚರ್ಚ್ ಪೂರ್ತಿ ಮುಗಿದಿದ್ದು 1905ರಲ್ಲಿ. ಬಾರ್ಬರಾ ಗಣಿ ಕೆಲಸಗಾರರನ್ನು ಕಾಯುವ ಸಂತ ಮಹಿಳೆ. ಸಾಮಾನ್ಯವಾಗಿ ಚರ್ಚುಗಳಲ್ಲಿ ರಾಜರು, ಬಿಷಪ್ಪರು ಕಾಣುತ್ತಾರೆ ಅಲ್ವಾ? ಇಲ್ಲಿ ಬಿಳಿ ಮೇಲಂಗಿ ತೊಟ್ಟ ಒಬ್ಬ ಗಣಿ ಕೆಲಸಗಾರನ ಬಣ್ಣದ ಪ್ರತಿಮೆ ನಿಂತಿದೆ. ಒಂದು ಗೋಡೆಯ ಮೇಲೆ ಸುತ್ತಿಗೆ ಹಿಡಿದು ನಾಣ್ಯ ಹೊಡೆಯುವವರ ಹಳೇ ಚಿತ್ರವಿದೆ.

ಅತ್ತೆ ಆ ಪ್ರತಿಮೆಯ ಮುಂದೆ ಬಹಳ ಹೊತ್ತು ನಿಂತರು. ಅವರ ತಂದೆ ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಅಲ್ಲಿಂದ ನಾನು, ನಮ್ಮವರು ಹ್ರಾಡೆಕ್ ಅನ್ನುವ ಹಳೇ ಕಟ್ಟಡಕ್ಕೆ ಹೋದೆವು. ಅಲ್ಲಿಂದಲೇ ಮಧ್ಯಯುಗದ ಬೆಳ್ಳಿ ಗಣಿಗೆ ಇಳಿಸುತ್ತಾರೆ. ಬಿಳಿ ಮೇಲಂಗಿ, ಹೆಲ್ಮೆಟ್, ಕೈಗೊಂದು ಟಾರ್ಚು ಕೊಡುತ್ತಾರೆ. ಕತ್ತಲಲ್ಲಿ ಒಬ್ಬರಿಗೊಬ್ಬರು ಕಾಣಲಿ ಅಂತಲೇ ಆಗ ಬಿಳಿ ಬಟ್ಟೆ ತೊಡುತ್ತಿದ್ದರು ಅಂತ ಗೈಡ್ ಹೇಳಿದರು. ಕೆಲವು ಕಡೆ ಬೆನ್ನು ಬಗ್ಗಿಸಿ, ಕೆಲವು ಕಡೆ ಓರೆಯಾಗಿ ಭುಜ ತೂರಿಸಿ ಹೋಗಬೇಕು. ಗೋಡೆಯಲ್ಲಿ ಉಳಿಯ ಗುರುತು ಕೈಗೇ ಸಿಗುತ್ತದೆ. ಇಕ್ಕಟ್ಟು ಅಂದರೆ ಉಸಿರುಗಟ್ಟುವವರು ಇಳಿಯಬೇಡಿ. ನಾವು ಮೇಲೆ ಬಂದ ಕೂಡಲೇ ಅತ್ತೆ ಕೇಳಿದ ಮೊದಲ ಪ್ರಶ್ನೆ, 'ನೀರು ಒಸರುತ್ತಾ?' ಆಮೇಲೆ, 'ಮರದ ಕಂಬ ಕೊಟ್ಟಿದಾರಾ, ಬರೀ ಬಂಡೆನಾ?' ಗಣಿಯ ಬಗ್ಗೆ ಅವರ ಅಪ್ಪ ಮನೆಯಲ್ಲಿ ಹೇಳುತ್ತಿದ್ದ ಮಾತುಗಳನ್ನು ನಾವು ಕೇಳಿದ್ದು ಆವತ್ತು, ವಾಪಸ್ ಬರುವ ರೈಲಿನಲ್ಲಿ.

ಊಟಕ್ಕೆ ಹಣ್ಣು ತುಂಬಿದ ಕಡುಬಿನಂಥ ಸಿಹಿ ಸಿಗುತ್ತದೆ, ಮೇಲೆ ಬೆಣ್ಣೆ, ಸಕ್ಕರೆ. ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿ ತೆಗೆದುಕೊಳ್ಳಿ.

ಇನ್ನು ಉಳಿದವು. ಕಾರ್ಲ್‌ಶ್ಟೇನ್ ಕೋಟೆ ಪ್ರಾಗ್‌ಗೆ ತೀರಾ ಹತ್ತಿರ, ರೈಲಿನಲ್ಲಿ ಮುಕ್ಕಾಲು ಗಂಟೆ ಸಾಕು. ರಾಜ ನಾಲ್ಕನೇ ಚಾರ್ಲ್ಸ್ 1348ರಲ್ಲಿ ಕಟ್ಟಲು ಶುರು ಮಾಡಿದ್ದು. ಅದರ ಜೀವಾಳ ಅಂದರೆ ಪವಿತ್ರ ಶಿಲುಬೆಯ ಪ್ರಾರ್ಥನಾಮಂದಿರ, ಅಲ್ಲಿ ಮಾಸ್ಟರ್ ಥಿಯೊಡೊರಿಕ್ ಮತ್ತವನ ಕಡೆಯವರು ಬರೆದ 129 ಚಿತ್ರಗಳಿವೆ. ಆದರೆ ಅದನ್ನು ತೋರಿಸುವ ಸುತ್ತಿಗೆ ಚಿಕ್ಕ ಗುಂಪು ಮಾತ್ರ, ಮುಂಚೆಯೇ ಬುಕ್ ಮಾಡಬೇಕು. ಬುಕಿಂಗ್ ಇಲ್ಲದಿದ್ದರೆ ಆ ಮಂದಿರ ಬಿಟ್ಟು ಉಳಿದ ಕೋಟೆ ನೋಡಿ ಬರಬೇಕಷ್ಟೇ. ನಿಲ್ದಾಣದಿಂದ ಏರುದಾರಿ ಬೇರೆ. ಅತ್ತೆಯನ್ನು ಕರೆದುಕೊಂಡು ಹೋಗಲಿಲ್ಲ.

ಟೆರೆಜಿನ್ ಅನ್ನು ಇವುಗಳ ಸಾಲಿನಲ್ಲಿ ಇಟ್ಟು ತೂಗುವುದು ನನಗೆ ಸರಿ ಅನಿಸುವುದಿಲ್ಲ. ನಾಜಿಗಳು 1941ರಿಂದ ಯಹೂದಿಗಳನ್ನು ಕೂಡಿಹಾಕಿದ ಊರು ಅದು. ಸುಮಾರು 33 ಸಾವಿರ ಜನ ಅಲ್ಲೇ ಸತ್ತರು, ಅದಕ್ಕಿಂತ ಬಹಳ ಜಾಸ್ತಿ ಜನರನ್ನು ಅಲ್ಲಿಂದ ಪೂರ್ವದ ಸಾವಿನ ಶಿಬಿರಗಳಿಗೆ ಸಾಗಿಸಿದರು. ಹೋಗುವುದಾದರೆ ಅದಕ್ಕೇ ಒಂದು ದಿನ ಇಡಿ, ಸಂಜೆಗೆ ಬೇರೇನೂ ಇಟ್ಟುಕೊಳ್ಳಬೇಡಿ.

ಇನ್ನು ಪ್ರಾಗ್ ಊರೊಳಗೆ ಎಲ್ಲರೂ ಮಾರುವುದು ದೋಣಿ ಸವಾರಿ. ಚಾರ್ಲ್ಸ್ ಸೇತುವೆ ದಾಟಿದ ಸ್ವಲ್ಪದರಲ್ಲೇ ನದಿಗೆ ಅಡ್ಡಲಾಗಿ ಒಡ್ಡು ಇದೆ. ಹಾಗಾಗಿ ಒಂದು ಗಂಟೆಯ ದೋಣಿ ಅಷ್ಟರಲ್ಲೇ ತಿರುಗಿ ಬರುತ್ತದೆ. ಗಾಜಿನ ಹಿಂದೆ ಕೂತು ಸುಮ್ನೆ ಅಷ್ಟು ದುಡ್ಡು ಯಾಕೆ? ನದಿಯ ಮೇಲೆ ಇರಬೇಕು ಅಂತ ಆಸೆ ಇದ್ದರೆ ಸ್ಲೋವಾನ್ಸ್ಕಿ ದ್ವೀಪದಲ್ಲಿ ಕಾಲಲ್ಲಿ ತುಳಿಯುವ ದೋಣಿ ಬಾಡಿಗೆಗೆ ಸಿಗುತ್ತದೆ, ಅಲ್ಲಿಂದ ಸೇತುವೆ, ಪ್ರಾಗ್ ಕೋಟೆ ಎರಡೂ ಕಾಣುತ್ತವೆ.

ದೋಣಿಗಿಂತ ನನಗೆ 22ನೇ ನಂಬರಿನ ಟ್ರಾಮ್ ಮೇಲು. ರಾಷ್ಟ್ರೀಯ ನಾಟಕಶಾಲೆಯ ಹತ್ತಿರ ಹತ್ತಿದರೆ ನದಿ ದಾಟಿ, ಕೋಟೆಯ ಕೆಳಗಿನ ಮಾಲಾ ಸ್ತ್ರಾನಾ ಅನ್ನುವ ಹಳೇ ಬಡಾವಣೆಯ ಓಣಿಗಳಲ್ಲಿ ನುಸುಳಿ, ಗುಡ್ಡ ಹತ್ತಿ ಕೋಟೆಯ ಹಿಂಭಾಗಕ್ಕೆ ಬರುತ್ತದೆ. ಮಾಮೂಲಿ ಟಿಕೆಟ್ ಸಾಕು, ಹತ್ತಿದ ಕೂಡಲೇ ಯಂತ್ರಕ್ಕೆ ಹಾಕಿ ಮುದ್ರೆ ಒತ್ತಿಸಿ. ಪೊಹೊರ್ಝೆಲೆಟ್ಸ್ ನಿಲ್ದಾಣದಲ್ಲಿ ಇಳಿದರೆ ಕೋಟೆಗೆ ಇಳಿಜಾರಿನಲ್ಲೇ ನಡೆದು ಬರಬಹುದು. ಕೆಳಗಿನಿಂದ ಮೆಟ್ಟಿಲು ಹತ್ತುವ ಕಷ್ಟವೇ ಇಲ್ಲ. ಅತ್ತೆ ಇಡೀ ಕೋಟೆ ನೋಡಿದ್ದು ಈ ಟ್ರಾಮಿನ ದಯೆಯಿಂದ. ಹಳೇ ಊರಿನ 1410ರ ಗಡಿಯಾರವನ್ನು ಗಂಟೆ ಹೊಡೆಯುವಾಗ ಒಮ್ಮೆ ನೋಡಿ, ನಿಮಿಷದೊಳಗೆ ಮುಗಿಯುತ್ತದೆ, ದುಡ್ಡಿಲ್ಲ.

ಕೊನೆಗೊಂದು ಮಾತು, ವಾರ ನೋಡಿ ಹೊರಡಿ. ಚೆಕ್ ದೇಶದ ಕೋಟೆಗಳು ಸಾಮಾನ್ಯವಾಗಿ ಸೋಮವಾರ ಮುಚ್ಚಿರುತ್ತವೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಕುತ್ನಾ ಹೋರಾದಲ್ಲಿ ಸೋಮವಾರ ಗಣಿ ಇರುವುದಿಲ್ಲ, ಆದರೆ ಮೂಳೆಗಳ ಚರ್ಚ್, ಬಾರ್ಬರಾ ಚರ್ಚ್ ಎರಡೂ ತೆರೆದಿರುತ್ತವೆ. ಗಣಿಗೆ ಇಳಿಯುವ ಆಸೆ ಇದ್ದವರು ಮಂಗಳವಾರದ ರೈಲು ಹಿಡಿಯಿರಿ.